ರೇಡಿಯೋನೋ, ಹಾಡಿನ ಅಂಗಡಿಯೋ?

ರೇಡಿಯೋದ ಹಾಡನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡವರಿಗೆ ಅದರ ಪಡಿಪಾಟಲು ಗೊತ್ತು. ಕೆಂಪು ಗುಂಡಿ ಒತ್ತುವಷ್ಟರಲ್ಲಿ ಪಲ್ಲವಿಯ ಮೊದಲ ಸಾಲು ಕೈತಪ್ಪಿರುತ್ತದೆ, ಕೊನೆಯ ಚರಣದ ಮೇಲೆ ನಿರೂಪಕರ ಮಾತು ಬಂದು ಕೂತಿರುತ್ತದೆ. 2006ರಲ್ಲಿ ಅಮೆರಿಕದ ಪೇಟೆಗೆ ಬಂದ ಅಂಗೈಯಗಲದ ಒಂದು ಯಂತ್ರ ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿತು. ಯಂತ್ರದ ಹೆಸರು ಇನ್ನೋ. ತಯಾರಿಸಿದ್ದು ಪಯೊನೀರ್, ಪ್ರಸಾರ ಚಂದಾದಾರರಿಗೆ ಉಪಗ್ರಹದಿಂದ ಹಾಡು ಕೇಳಿಸುತ್ತಿದ್ದ ಎಕ್ಸ್‌ಎಂ ಸ್ಯಾಟಲೈಟ್ ರೇಡಿಯೋ ಕಂಪನಿಯದ್ದು. ಅದೇ ವರ್ಷದ ಮೇ ತಿಂಗಳಲ್ಲಿ ದೊಡ್ಡ ರೆಕಾರ್ಡ್ ಕಂಪನಿಗಳು ನ್ಯೂಯಾರ್ಕಿನ ಫೆಡರಲ್ ಕೋರ್ಟಿನ ಮೆಟ್ಟಿಲೇರಿ, ಹಾಡೊಂದಕ್ಕೆ 1,50,000 ಡಾಲರ್‌ವರೆಗೆ ಪರಿಹಾರ ಕೇಳಿದವು. ಆದರೆ ದಾವೆ ಹೂಡಿದ್ದು ಎಕ್ಸ್‌ಎಂ ಮೇಲೆ ಮಾತ್ರ. ಯಂತ್ರ ಮಾಡಿದವರನ್ನೂ ಗುಂಡಿ ಒತ್ತಿದ ಕೇಳುಗರನ್ನೂ ಬಿಟ್ಟುಬಿಟ್ಟರು. ಇದು ಔದಾರ್ಯವಲ್ಲ, ಲೆಕ್ಕಾಚಾರ.

ಮೊದಲು ಯಂತ್ರ ಏನು ಮಾಡುತ್ತಿತ್ತೆಂದು ನೋಡೋಣ. ಎಕ್ಸ್‌ಎಂ ಉಪಗ್ರಹಗಳು ಭೂಸ್ಥಿರ ಕಕ್ಷೆಯಿಂದ 2332.5ರಿಂದ 2345 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಬಿಟ್‌ಗಳ ಪ್ರವಾಹ ಕಳಿಸುತ್ತಿದ್ದವು. ಹಾಡಿನ ಜೊತೆಗೇ ಅದರ ಹೆಸರು, ಗಾಯಕರ ಹೆಸರು ಬರುತ್ತಿದ್ದವು. ಈ ಚೀಟಿ ಬದಲಾಯಿತೆಂದರೆ ಹಾಡು ಬದಲಾಯಿತೆಂದೇ ಅರ್ಥ. ಇನ್ನೋ ಕೇಳಿಸುತ್ತಿದ್ದ ಹಾಡನ್ನು ಮೆಮೊರಿಯಲ್ಲಿ ಹಿಡಿದಿಟ್ಟಿರುತ್ತಿತ್ತು, ಹಾಗಾಗಿ ನಡುವೆ ಗುಂಡಿ ಒತ್ತಿದರೂ ಹಾಡು ಮೊದಲಿನಿಂದಲೇ ಉಳಿಯುತ್ತಿತ್ತು. ಗಂಟೆಗಟ್ಟಲೆ ಪ್ರಸಾರವನ್ನು ಹಿಡಿದು, ಆಮೇಲೆ ಬಿಡಿಬಿಡಿ ಹಾಡುಗಳಾಗಿ ಆರಿಸಿಕೊಳ್ಳಲೂಬಹುದಿತ್ತು. ಬೇರೆ ಯಂತ್ರಕ್ಕೆ ಸಾಗಿಸಲು ಮಾತ್ರ ಬರುತ್ತಿರಲಿಲ್ಲ, ಚಂದಾ ನಿಂತರೆ ಹಾಡಿಗೂ ಬೀಗ.

ಡಿಜಿಟಲ್ ಎಂದರೆ ಅಚ್ಚುಕಟ್ಟಾದ ಪ್ರತಿ ಎಂಬ ಭಾವನೆ ಎಲ್ಲೆಡೆ ಇತ್ತು. ಲೆಕ್ಕ ಹಾಕಿದರೆ ಅದು ಉತ್ಪ್ರೇಕ್ಷೆ. ಇನ್ನೋದ 1 ಗಿಗಾಬೈಟ್ ಮೆಮೊರಿಗೆ ಸುಮಾರು 50 ಗಂಟೆಯ ಪ್ರಸಾರ ಹಿಡಿಯುತ್ತಿತ್ತು. ಆ 1 ಗಿಗಾಬೈಟಿನ 800 ಕೋಟಿ ಬಿಟ್‌ಗಳನ್ನು 50 ಗಂಟೆಯ 1,80,000 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ 44 ಕಿಲೋಬಿಟ್ ಆಯಿತು. ಸಿಡಿಯದು 1,411. ಅಷ್ಟು ಇಕ್ಕಟ್ಟಿನಲ್ಲಿ ತಾಳದ, ಜಾಲರಿಯ ಮೇಲುಸ್ವರಗಳನ್ನು ಪೂರ್ತಿಯಾಗಿ ಕಳಿಸುವುದೇ ಇಲ್ಲ. ಕೆಳಗಿನ ಸ್ವರಗಳನ್ನು ನೋಡಿ ರಿಸೀವರ್ ಅವನ್ನು ಅಂದಾಜಿನಲ್ಲಿ ಮರಳಿ ಕಟ್ಟುತ್ತದೆ.

ಇದಕ್ಕೆ ಎರಡು ವರ್ಷ ಮೊದಲೇ, 2004ರಲ್ಲಿ, ಕೆನಡಾದ ಒಬ್ಬ ಪ್ರೋಗ್ರಾಮರ್ ಟೈಮ್‌ಟ್ರ್ಯಾಕ್ಸ್ ಎಂಬ ತಂತ್ರಾಂಶ ಬರೆದಿದ್ದರು. ಎಕ್ಸ್‌ಎಂ ಪಿಸಿಆರ್ ಎಂಬ ಪುಟ್ಟ ರಿಸೀವರನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸಿದರೆ ಹಾಡಿನ ಹೆಸರು ಆ ತಂತಿಯಲ್ಲಿ ಬರುತ್ತಿತ್ತು. ಧ್ವನಿಯನ್ನು ಮಾತ್ರ ಬೇರೆ ತಂತಿಯಲ್ಲಿ ಸೌಂಡ್‌ಕಾರ್ಡಿನ ಲೈನ್-ಇನ್‌ಗೆ ಕೊಡಬೇಕು. ಹೆಸರು ಬದಲಾದಾಗ ತಂತ್ರಾಂಶ ಕಡತ ಮುಚ್ಚಿ ಹೊಸದನ್ನು ತೆರೆಯುತ್ತಿತ್ತು. ಎಡವುತ್ತಿದ್ದುದೂ ಅಲ್ಲೇ. ಚೀಟಿ, ಧ್ವನಿ ಎರಡೂ ಒಂದೇ ಕ್ಷಣಕ್ಕೆ ಬರದಿದ್ದರೆ ಒಂದು ಹಾಡಿನ ಬಾಲ ಇನ್ನೊಂದರ ತಲೆಗೆ ಅಂಟಿಕೊಳ್ಳುತ್ತದೆ. ಲೈನ್-ಇನ್ ಮಟ್ಟ ಹೆಚ್ಚಿಟ್ಟರೆ ಧ್ವನಿ ಒಡೆಯುತ್ತದೆ, ಕಡಿಮೆಯಿಟ್ಟರೆ ಗುಯ್‌ಗುಟ್ಟುವ ಸದ್ದು ಮೇಲೇಳುತ್ತದೆ. ಎಕ್ಸ್‌ಎಂ ಮಾಡಿದ್ದೇನು? ಆ ರಿಸೀವರಿನ ಮಾರಾಟವನ್ನೇ ನಿಲ್ಲಿಸಿತು. ಮುಂದೆ ಅದೇ ಸೌಲಭ್ಯವನ್ನು ತಾನೇ ಚೆನ್ನಾಗಿ ಕಟ್ಟಿ ಮಾರಿತು!

ಕೋರ್ಟಿನಲ್ಲಿ ಎಕ್ಸ್‌ಎಂ ಹಿಡಿದ ಗುರಾಣಿ 1992ರ ಆಡಿಯೋ ಹೋಮ್ ರೆಕಾರ್ಡಿಂಗ್ ಕಾಯ್ದೆ. ಡಿಜಿಟಲ್ ಟೇಪಿನ ಭಯದಲ್ಲಿ ಹುಟ್ಟಿದ ಕೊಡು-ಕೊಳ್ಳುವ ಒಪ್ಪಂದವದು. ಯಂತ್ರದ ಬೆಲೆಯ ಮೇಲೆ ಶೇ. 2, ಖಾಲಿ ಟೇಪು-ಡಿಸ್ಕಿನ ಮೇಲೆ ಶೇ. 3 ರಾಯಧನ ಕೊಡಬೇಕು, ಪ್ರತಿಯಿಂದ ಮತ್ತೆ ಪ್ರತಿ ತೆಗೆಯದಂತೆ ಯಂತ್ರದಲ್ಲಿ ತಡೆ ಇರಬೇಕು. ಬದಲಿಗೆ, ಲಾಭದ ಉದ್ದೇಶವಿಲ್ಲದೆ ಸಂಗೀತ ಪ್ರತಿ ಮಾಡಿಕೊಳ್ಳುವ ಬಳಕೆದಾರರ ಮೇಲಾಗಲಿ ಯಂತ್ರ ಮಾಡುವವರ ಮೇಲಾಗಲಿ ಕೃತಿಸ್ವಾಮ್ಯದ ದಾವೆ ಹೂಡುವಂತಿಲ್ಲ. ಕಂಪನಿಗಳು ಪಯೊನೀರಿನ ತಂಟೆಗೆ ಹೋಗದಿದ್ದುದು ಏಕೆಂದು ಈಗ ತಿಳಿಯಿತಲ್ಲ?

ನ್ಯಾಯಾಧೀಶೆ ಡೆಬೊರಾ ಬ್ಯಾಟ್ಸ್ 2007ರ ಜನವರಿಯಲ್ಲಿ ದಾವೆ ವಜಾ ಮಾಡಲು ಒಪ್ಪಲಿಲ್ಲ. ಯಂತ್ರ ಹಂಚುವವರಾಗಿ ಎಕ್ಸ್‌ಎಂಗೆ ರಕ್ಷಣೆ ಇರಬಹುದು. ಆದರೆ ಆರೋಪ ಇರುವುದು ಯಂತ್ರದ ಮೇಲಲ್ಲ, ಪ್ರಸಾರದ ಪರವಾನಗಿಗಷ್ಟೇ ಹಣ ಕೊಟ್ಟು ಹಾಡುಗಳ ವಿತರಣೆಯನ್ನೂ ಮಾಡುತ್ತಿದೆ ಎಂಬುದರ ಮೇಲೆ. ಉಚಿತ ರೇಡಿಯೋದಿಂದ ಕ್ಯಾಸೆಟ್ಟಿಗೆ ಇಳಿಸುವುದಕ್ಕೂ ಇದಕ್ಕೂ ಹೋಲಿಕೆ ಸಲ್ಲದು ಎಂದರು. ಇದು ಅಂತಿಮ ತೀರ್ಪಲ್ಲ, ದೂರಿನ ಅಂಶಗಳು ನಿಜವೆಂದು ಇಟ್ಟುಕೊಂಡು ಕೊಟ್ಟ ಆದೇಶ.

ಪ್ರಸಾರದ ಆ ಪರವಾನಗಿಯ ಷರತ್ತುಗಳನ್ನು ಓದಿದರೆ ತಕರಾರಿನ ಬೇರು ಕಾಣುತ್ತದೆ. ಒಂದು ಚಾನೆಲ್‌ನಲ್ಲಿ 3 ಗಂಟೆಯೊಳಗೆ ಒಂದೇ ಆಲ್ಬಮ್ಮಿನ 3ಕ್ಕಿಂತ ಹೆಚ್ಚು ಹಾಡು ಹಾಕುವಂತಿಲ್ಲ. ಯಾವ ಹಾಡು ಬರುತ್ತದೆಂದು ಮುಂಚಿತವಾಗಿ ಪಟ್ಟಿ ಪ್ರಕಟಿಸುವಂತಿಲ್ಲ. ಕೇಳುಗರು ಹೊಂಚು ಹಾಕಿ ರೆಕಾರ್ಡ್ ಮಾಡದಿರಲಿ ಎಂಬುದೇ ಉದ್ದೇಶ. ಎಕ್ಸ್‌ಎಂ ರಿಸೀವರ್‌ಗಳಾದರೋ ಮೆಚ್ಚಿನ ಗಾಯಕರ ಹಾಡು ಯಾವ ಚಾನೆಲ್‌ನಲ್ಲಿ ಶುರುವಾದರೂ ತಾವಾಗಿ ಎಚ್ಚರಿಸುತ್ತಿದ್ದವು. ಮನುಷ್ಯ ಹೊಂಚು ಹಾಕಬೇಕಿಲ್ಲ, ಚಿಪ್ ಹಾಕುತ್ತದೆ. ನನ್ನ ಮಟ್ಟಿಗೆ ಎಕ್ಸ್‌ಎಂ ವಾದ ಸೋತದ್ದು ಇಲ್ಲಿ.

ವಿಚಾರಣೆ ಕೊನೆ ಮುಟ್ಟಲೇ ಇಲ್ಲ. 2007ರ ಡಿಸೆಂಬರ್‌ನಲ್ಲಿ ದಾವೆ ಹೂಡಿದ ರೆಕಾರ್ಡ್ ಕಂಪನಿಗಳಲ್ಲೊಂದಾದ ಯೂನಿವರ್ಸಲ್ ರಾಜಿಯಾಯಿತು, ಉಳಿದವು ಹಿಂಬಾಲಿಸಿದವು. ಪ್ರತಿಸ್ಪರ್ಧಿ ಸಿರಿಯಸ್ ತನ್ನ ಎಸ್50 ಯಂತ್ರಕ್ಕಾಗಿ ಮೊದಲೇ ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡು ಕೋರ್ಟಿನ ತಾಪತ್ರಯ ತಪ್ಪಿಸಿಕೊಂಡಿತ್ತು. 2008ರಲ್ಲಿ ಎರಡೂ ಒಂದಾದವು.

ಎಕ್ಸ್‌ಎಂಗೆ ಆರಂಭದಲ್ಲಿ ಬಂಡವಾಳ ಹಾಕಿದವರಲ್ಲಿ ವರ್ಲ್ಡ್‌ಸ್ಪೇಸ್ ಒಂದು. 2009ರ ಕೊನೆಯಲ್ಲಿ ಬಾಗಿಲು ಹಾಕುವವರೆಗೆ ಏಷ್ಯಾಸ್ಟಾರ್ ಉಪಗ್ರಹದಿಂದ ನಮಗೆ ಸ್ಪರ್ಶ ಎಂಬ ಕನ್ನಡ ಚಾನೆಲ್ ಕೇಳಿಸುತ್ತಿದ್ದುದು ಇದೇ ಕಂಪನಿ. ಆಗ ಅದರ ಹಾಡನ್ನು ಮನೆಯಲ್ಲಿ ಹಿಡಿದಿಟ್ಟವರಿಗೆ ಭಾರತದ ಕಾನೂನಿನ ಬೆಂಬಲ ತೆಳ್ಳಗಿತ್ತು. ಸ್ವಂತ ಬಳಕೆಯ ವಿನಾಯಿತಿಯಲ್ಲಿ ಸಾಹಿತ್ಯ, ನಾಟಕ, ಸಂಗೀತ, ಕಲಾಕೃತಿಗಳ ಹೆಸರಿತ್ತೇ ಹೊರತು ಧ್ವನಿಮುದ್ರಣದ ಹೆಸರಿರಲಿಲ್ಲ. 2012ರ ತಿದ್ದುಪಡಿ ಅದನ್ನು ಕಂಪ್ಯೂಟರ್ ಪ್ರೋಗ್ರಾಮ್ ಬಿಟ್ಟು ಎಲ್ಲ ಕೃತಿಗಳಿಗೂ ವಿಸ್ತರಿಸಿತು. ಆದರೂ ಈ ವಿನಾಯಿತಿಯ ನೆರಳಿಗೆ ಕಂಪನಿ ಬಂದು ನಿಂತರೆ ಕೋರ್ಟು ಒಪ್ಪುವುದಿಲ್ಲ. 2019ರಲ್ಲಿ ವಿಂಕ್ ಆ್ಯಪ್, ಇಂಟರ್ನೆಟ್ ಇಲ್ಲದಾಗ ಕೇಳಲು ಹಾಡು ಇಳಿಸಿಕೊಡುವ ತನ್ನ ಸೌಲಭ್ಯವನ್ನು ಇದೇ ಬಗೆಯಲ್ಲಿ ಸಮರ್ಥಿಸಿಕೊಂಡಿತು. ಚಂದಾ ಇರುವವರೆಗೆ ಹಾಡು ಕೊಡುವುದು ಪ್ರಸಾರವಲ್ಲ, ಬಾಡಿಗೆಗೆ ಕೊಟ್ಟಂತೆ ಎಂದಿತು ಬಾಂಬೆ ಹೈಕೋರ್ಟ್.