ಆಕ್ಚುವಲ್ ಸ್ಟೇಟ್: ದೀಪ ಆರಿತು, ವಾಲ್ವ್ ಮುಚ್ಚಿತಾ?

ನಮ್ಮ ತೋಟದ ಬೋರ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೇವೆ. ಕಾಲ್ ಮಾಡಿದರೆ 'ಮೋಟಾರ್ ಆನ್' ಅಂತ ಮೆಸೇಜ್ ಬರುತ್ತದೆ. ಹೋದ ಬೇಸಿಗೆಯಲ್ಲಿ ಒಂದು ದಿನ ಅದನ್ನೇ ನಂಬಿ ಸುಮ್ನೆ ಕೂತೆ. ಸಂಜೆ ಹೋಗಿ ನೋಡಿದರೆ ಅಡಿಕೆ ಬುಡಕ್ಕೆ ಒಂದು ಹನಿಯೂ ಬಿದ್ದಿಲ್ಲ. ಸ್ಟಾರ್ಟರ್ ಏನೋ ಆನ್ ಆಗಿತ್ತು, ನೀರು ಬಂದಿರಲಿಲ್ಲ.

ಸಾಫ್ಟ್‌ವೇರ್‌ನವರ ಮಾತಿನಲ್ಲಿ ಇವು ಡಿಸೈರ್ಡ್ ಸ್ಟೇಟ್, ಆಕ್ಚುವಲ್ ಸ್ಟೇಟ್. ಮೊದಲನೆಯದು ಹೀಗಿರಲಿ ಅಂತ ನಾವು ಹೇಳಿದ್ದು. ಎರಡನೆಯದು ಅಲ್ಲಿ ನಿಜವಾಗಿ ಇರುವುದು. ಸರ್ವರ್‌ಗಳಲ್ಲಿ ಪ್ರೋಗ್ರಾಂಗಳನ್ನು ಓಡಿಸಿ ನೋಡಿಕೊಳ್ಳುವ ಕುಬರ್ನೆಟಿಸ್ ಅನ್ನೋ ಸಾಫ್ಟ್‌ವೇರ್‌ಗೆ, ಒಂದು ಪ್ರೋಗ್ರಾಂನ ಮೂರು ಕಾಪಿ ಓಡಲಿ ಅಂತ ಹೇಳಿದರೆ, ಎಷ್ಟು ಓಡುತ್ತಿವೆ ಅಂತ ಅದು ಎಣಿಸುತ್ತಲೇ ಇರುತ್ತದೆ. ಹೇಳಿ ಕೈ ತೊಳೆದುಕೊಳ್ಳುವುದಿಲ್ಲ.

1979ರ ಮಾರ್ಚ್ 28, ಬೆಳಗಿನ ಜಾವ 4 ಗಂಟೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ತ್ರೀ ಮೈಲ್ ಐಲೆಂಡ್ ಅಣು ವಿದ್ಯುತ್ ಸ್ಥಾವರದ 2ನೇ ಘಟಕ. ಪಂಪುಗಳು ನಿಂತು ರಿಯಾಕ್ಟರಿನಲ್ಲಿ ಒತ್ತಡ ಏರಿತು. ಒತ್ತಡ ಇಳಿಸುವ ವಾಲ್ವ್ ತಾನಾಗಿಯೇ ತೆರೆಯಿತು. ಒತ್ತಡ ಇಳಿದ ಮೇಲೆ ಮುಚ್ಚಬೇಕಿತ್ತು, ಸಿಕ್ಕಿಕೊಂಡಿತು. ಕಂಟ್ರೋಲ್ ರೂಮಿನಲ್ಲಿ ಮಾತ್ರ ಅದರ ದೀಪ ಆರಿತು! ಆ ದೀಪ ವಾಲ್ವಿನ ಬಾಯಿ ನೋಡಿ ಉರಿಯುವುದಲ್ಲ. ವಾಲ್ವಿಗೆ ತೆರೆಯಲು ಕರೆಂಟ್ ಹೋಗುತ್ತಿದೆಯಾ ಅನ್ನೋದಷ್ಟೇ ಅದಕ್ಕೆ ಗೊತ್ತು.

ಅಲ್ಲಿದ್ದವರು ದಡ್ಡರು ಅನ್ನೋದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ನೂರಕ್ಕೂ ಜಾಸ್ತಿ ಅಲಾರಂ ಹೊಡೆದುಕೊಳ್ಳುತ್ತಿದ್ದವು. ವಾಲ್ವಿನ ಆಚೆ ಪೈಪು ಕಾದಿತ್ತು ನಿಜ. ಆದರೆ ಮೊದಲಿನಿಂದಲೂ ಸೋರಿಕೆ ಇದ್ದದ್ದರಿಂದ ಅದು ಯಾವಾಗಲೂ ಬಿಸಿಯೇ. ಸೋರಿದ ನೀರು ಸೇರುವ ತೊಟ್ಟಿಯ ಮೀಟರು ಪ್ಯಾನೆಲ್ಲಿನ ಹಿಂಬದಿಗಿತ್ತು. ಇನ್ನೊಂದು ಮೀಟರು ರಿಯಾಕ್ಟರಿನ ವ್ಯವಸ್ಥೆಯಲ್ಲಿ ನೀರು ತುಂಬಿದೆ ಅಂತ ತೋರಿಸಿತು, ಅದನ್ನು ನಂಬಿ ತುರ್ತು ನೀರನ್ನೂ ಕಡಿಮೆ ಮಾಡಿದರು. ಪಾಳಿ ಬದಲಾಗುವ ಹೊತ್ತಿಗೆ ಬಂದ ಹೊಸ ಕಣ್ಣಿಗೆ ಅನುಮಾನ ಬಂತು. ಸುಮಾರು 2 ಗಂಟೆ 20 ನಿಮಿಷದ ಮೇಲೆ ಆ ದಾರಿಯ ಇನ್ನೊಂದು ವಾಲ್ವ್ ಮುಚ್ಚಿದರು. ಕೊನೆಗೆ ರಿಯಾಕ್ಟರಿನ ಇಂಧನವಿರುವ ಒಡಲು ಹೆಚ್ಚುಕಡಿಮೆ ಅರ್ಧ ಕರಗಿತ್ತು.

ಇಂಥ ದೀಪಗಳು ನಮ್ಮ ಸ್ಕ್ರೀನುಗಳಲ್ಲೂ ಇವೆ, ಅಲ್ವಾ? 'ಬ್ಯಾಕಪ್ ಸಕ್ಸಸ್' ಅಂದರೆ ಸ್ಕ್ರಿಪ್ಟ್ ಮುಗಿಯಿತು ಅಂತ, ಅಷ್ಟೇ. ಆ ಫೈಲಿನಿಂದ ಡೇಟಾಬೇಸ್ ವಾಪಸ್ ಬರುತ್ತದಾ ಅನ್ನೋದನ್ನು ಒಮ್ಮೆ ತಂದೇ ನೋಡಬೇಕು. 'ಮೇಲ್ ಸೆಂಟ್' ಅಂದರೆ ಸರ್ವರ್ ತೆಗೆದುಕೊಂಡಿತು, ಗ್ರಾಹಕರಿಗೆ ತಲುಪಿತು ಅಂತಲ್ಲ.

ತೋಟದಲ್ಲಿ ಈಗ ಪೈಪಿನ ಬಾಯಿಗೇ ಒಂದು ಸೆನ್ಸರ್ ಕೂರಿಸಿದ್ದೇನೆ. ನೀರು ಹರಿದರೆ ಮಾತ್ರ ಮೆಸೇಜ್. ಮೊದಲಿಗಿಂತ ಎರಡು ನಿಮಿಷ ತಡವಾಗಿ ಬರುತ್ತದೆ.