ಗನ್ ಲೈಸೆನ್ಸ್ ಯಾರ ಹೆಸರಲ್ಲಿದೆ?

1974ರಲ್ಲಿ, ಒಬ್ಬರು ಕಥೆ ನಡೆಸಿ ಉಳಿದವರು ಒಂದೊಂದು ಪಾತ್ರವಾಗಿ ಆಡುವ ರೋಲ್‌ಪ್ಲೇಯಿಂಗ್ ಆಟ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಬಂದಾಗ ಕತ್ತಿಗೆ ಯಾರೂ ಪರ್ಮಿಟ್ ಕೇಳಲಿಲ್ಲ. ಕೊಳ್ಳಲು ದುಡ್ಡಿದೆಯಾ, ನಿನ್ನ ಪಾತ್ರ ಅದನ್ನು ಬಳಸಬಹುದಾ ಎಂದು ನೋಡಿದರೆ ಸಾಕಿತ್ತು. ರೋಲ್‌ಪ್ಲೇಯಿಂಗ್ ಆಟಗಳು ಗುಹೆ ಬಿಟ್ಟು ಊರಿಗೆ ಬಂದ ಮೇಲೆ ತಕರಾರು ಶುರುವಾಯಿತು. ಅದರಲ್ಲೂ ಖಾಸಗಿ ಸೆಕ್ಯೂರಿಟಿ ಪಾತ್ರ ಆಟ ನಡೆಸುವವರಿಗೆ ದೊಡ್ಡ ತಲೆನೋವು. ಆತ ಪೊಲೀಸ್ ಅಲ್ಲ, ದಾರಿಹೋಕನೂ ಅಲ್ಲ. ಬಂದೂಕು ಅವನಿಗೆ ಹೊಟ್ಟೆಪಾಡಿನ ಸಾಮಾನು.

ಮೊದಲು ಗಟ್ಟಿ ನಿಯಮ ತಂದ ಆಟಗಳಲ್ಲಿ 1977ರ ‘ಟ್ರಾವೆಲರ್’ ಒಂದು. ಅದು ಬಾಹ್ಯಾಕಾಶದ ಕಥೆ. ಪ್ರತಿ ಗ್ರಹಕ್ಕೂ ‘ಲಾ ಲೆವೆಲ್’ ಎಂಬ ಅಂಕಿ ಇರುತ್ತದೆ. 1 ಇದ್ದರೆ ಸ್ಫೋಟಕ, ವಿಷಾನಿಲ ಬಂದ್. 3ಕ್ಕೆ ಮಷೀನ್‌ಗನ್ ಹೋಗುತ್ತದೆ, 5ಕ್ಕೆ ಪಿಸ್ತೂಲು, 7ಕ್ಕೆ ಶಾಟ್‌ಗನ್. 9 ಬಂತೆಂದರೆ ಮನೆಯಿಂದಾಚೆ ಯಾವ ಆಯುಧವೂ ಇಲ್ಲ. ಪಟ್ಟಿ ಅಚ್ಚುಕಟ್ಟಾಗಿದೆ, ಆದರೆ ಅದು ನೋಡುವುದು ಜಾಗವನ್ನು ಮಾತ್ರ. ಬಂದೂಕು ಕಳ್ಳನ ಕೈಲಿದೆಯೋ ಕಾವಲುಗಾರನ ಕೈಲಿದೆಯೋ ಎಂಬುದು ಅದರ ಲೆಕ್ಕಕ್ಕಿಲ್ಲ. ‘ಗರ್ಪ್ಸ್’ ಆಟದ 2004ರ ಆವೃತ್ತಿ ಒಂದು ಹೆಜ್ಜೆ ಮುಂದೆ ಹೋಗಿ, ವಸ್ತುವಿಗೊಂದು ದರ್ಜೆ, ಊರಿಗೊಂದು ದರ್ಜೆ ಕೊಟ್ಟು ಎರಡನ್ನೂ ತಾಳೆ ಹಾಕಿತು.

ಖಾಸಗಿ ಕಾವಲಿನ ವಿಷಯ ನಿಜಕ್ಕೂ ರಂಗೇರಿದ್ದು 1989ರ ಆಟ ‘ಶ್ಯಾಡೋರನ್’‌ನಲ್ಲಿ. ಅದರ ಕಲ್ಪಿತ ಇತಿಹಾಸದಲ್ಲಿ 1999ರಲ್ಲಿ ನ್ಯೂಯಾರ್ಕ್‌ನಲ್ಲಿ ಗಲಭೆಯಾಗಿ, ಸೆರೆಟೆಕ್ ಎಂಬ ಕಂಪನಿಯ ಟ್ರಕ್ ಮೇಲೆ ಜನ ಮುಗಿಬೀಳುತ್ತಾರೆ. ಕಾವಲಿನವರು ಗುಂಡು ಹಾರಿಸುತ್ತಾರೆ. ಕೇಸು ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಕಂಪನಿಗಳು ಶಸ್ತ್ರಸಜ್ಜಿತ ಪಡೆ ಇಟ್ಟುಕೊಳ್ಳಬಹುದು ಎಂದು ತೀರ್ಪಾಗುತ್ತದೆ. ಇನ್ನೆರಡು ವರ್ಷಕ್ಕೆ ಮತ್ತೊಂದು ತೀರ್ಪು ಬಂದು ದೊಡ್ಡ ಕಂಪನಿಗಳ ಕಾಂಪೌಂಡೇ ಒಂದು ಬೇರೆ ದೇಶವಿದ್ದ ಹಾಗಾಗುತ್ತದೆ. ಗೇಟಿನ ಒಳಗೆ ಕಂಪನಿಯದೇ ಕಾನೂನು. ಅಲ್ಲಿನ ಗಾರ್ಡ್ ಅದೇ ಬಂದೂಕು ಹಿಡಿದು ರಸ್ತೆಗೆ ಕಾಲಿಟ್ಟರೆ ಊರಿನ ಪರ್ಮಿಟ್ ಬೇಕು. ಗೇಟಿನ ಆಚೆ ಹತ್ತು ಮಾರು ಕಳ್ಳನನ್ನು ಅಟ್ಟಿಸಿಕೊಂಡು ಹೋದವನ ಗತಿ ಏನು ಅಂತ ಯೋಚಿಸಿ. ಒಂದು ಸಂಜೆಯ ಆಟಕ್ಕೆ ಅಷ್ಟೇ ಸಾಕು.

ಇದೇ ಆಟದ 2005ರ ನಾಲ್ಕನೇ ಆವೃತ್ತಿ ಸಾಮಾನಿನ ಪಟ್ಟಿಯಲ್ಲಿ ‘ಆರ್’, ‘ಎಫ್’ ಎಂಬ ಗುರುತು ಬಳಸಿತು. ಆರ್ ಇದ್ದರೆ ಲೈಸೆನ್ಸ್ ಬೇಕು, ಎಫ್ ಇದ್ದರೆ ಸಾರಾಸಗಟು ನಿಷೇಧ. ಲೈಸೆನ್ಸ್ ಅಂಟಿಕೊಳ್ಳುವುದು ‘ಸಿನ್’ ಎಂಬ ಗುರುತಿನ ಸಂಖ್ಯೆಗೆ. ಆಟಗಾರರ ಪಾತ್ರಗಳು ಬಹುಪಾಲು ಕಾನೂನಿನ ಆಚೆಯವರು. ಹಾಗಾಗಿ ನಕಲಿ ಸಿನ್, ಅದರ ಮೇಲೊಂದು ‘ಬಾಡಿಗಾರ್ಡ್’ ಎಂಬ ನಕಲಿ ಲೈಸೆನ್ಸ್ ಮಾಡಿಸುತ್ತಾರೆ. ತಪಾಸಣೆಯಲ್ಲಿ ಸ್ಕ್ಯಾನರ್‌ನ ದರ್ಜೆಗೂ ನಕಲಿಯ ದರ್ಜೆಗೂ ದಾಳದ ಪೈಪೋಟಿ. ಸಿನ್ ಸುಳ್ಳೆಂದು ಸಿಕ್ಕಿಬಿದ್ದರೆ ಅದಕ್ಕೆ ಅಂಟಿದ ಲೈಸೆನ್ಸ್‌ಗಳೆಲ್ಲ ಗೋತಾ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಬಂದ ಅತ್ಯಂತ ಜಾಣ ನಿಯಮ ಇದು. ಕೇಳಬೇಕಾದ ಪ್ರಶ್ನೆ ಲೈಸೆನ್ಸ್ ಇದೆಯಾ ಎಂಬುದಕ್ಕಿಂತ ಯಾರ ಹೆಸರಲ್ಲಿದೆ ಎಂಬುದು, ಅಲ್ವಾ?

ಕಂಪ್ಯೂಟರ್ ಆಟಗಳು ಈ ಪ್ರಶ್ನೆಯನ್ನು ಅರ್ಧಕ್ಕೆ ಬಿಟ್ಟಿವೆ. ‘ಗ್ಯಾರಿಸ್ ಮಾಡ್’ ಎಂಬ ಆಟದೊಳಗೆ ಊರಿನ ಜನರಾಗಿ ಆಡುವ ಬಗೆಯಾದ ಡಾರ್ಕ್‌ಆರ್‌ಪಿಯಲ್ಲಿ ಲೈಸೆನ್ಸ್ ಬೇಡಿಕೆ ಮೇಯರ್ ಆಗಿ ಆಡುತ್ತಿರುವವನಿಗೆ ಹೋಗುತ್ತದೆ. ಮೇಯರ್ ಇಲ್ಲದಿದ್ದರೆ ಪೊಲೀಸ್ ಮುಖ್ಯಸ್ಥನಿಗೆ, ಅವನೂ ಇಲ್ಲದಿದ್ದರೆ ಯಾವುದಾದರೂ ಪೇದೆಗೆ. ಮಾತಾಡಿ ಒಪ್ಪಿಸಬೇಕಾದ್ದರಿಂದ ಮಜಾ ಇದೆ. ಇನ್ನು ‘ಗ್ರ್ಯಾಂಡ್ ಥೆಫ್ಟ್ ಆಟೊ’ ಆಟದೊಳಗೆ ಜನ ಪಾತ್ರ ಕಟ್ಟಿಕೊಂಡು ಆಡುವ ಜಿಟಿಎ ಆರ್‌ಪಿ. ಅದನ್ನು ನಡೆಸುವ ಫೈವ್‌ಎಂ ಸರ್ವರ್‌ಗಳಲ್ಲಿ ಬಳಸುವ ಇಎಸ್‌ಎಕ್ಸ್ ಎಂಬ ತಂತ್ರಾಂಶ ಚೌಕಟ್ಟಿನ ಲೈಸೆನ್ಸ್ ಪಟ್ಟಿಯಲ್ಲಿ ಮೂರೇ ಕಾಲಂ: ಕ್ರಮಸಂಖ್ಯೆ, ಲೈಸೆನ್ಸ್ ಬಗೆ, ಮಾಲೀಕ. ಕಂಪನಿಗೆ ಜಾಗವೇ ಇಲ್ಲ. ಸೆಕ್ಯೂರಿಟಿ ಕೆಲಸ ಬಿಟ್ಟು ಮೀನು ಹಿಡಿಯಲು ಹೋದವನ ಹೆಸರಲ್ಲೂ ಗನ್ ಲೈಸೆನ್ಸ್ ಹಾಗೇ ಉಳಿಯುತ್ತದೆ, ಯಾರಾದರೂ ನೆನಪಿಟ್ಟು ಅಳಿಸುವ ತನಕ.

ನಮ್ಮ ದೇಶದ ಕಾನೂನು ಕಂಪನಿ, ಬಂದೂಕು ಎರಡನ್ನೂ ಬೇರೆ ಬೇರೆ ಇಟ್ಟಿದೆ. ಸೆಕ್ಯೂರಿಟಿ ಏಜೆನ್ಸಿ ನಡೆಸಲು 2005ರ ಕಾಯ್ದೆಯಡಿ ಒಂದು ಪರವಾನಗಿ, ಬಂದೂಕಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಇನ್ನೊಂದು. ಒಂದಿದ್ದರೆ ಇನ್ನೊಂದು ತಾನಾಗೇ ಬರುವುದಿಲ್ಲ. ಬೆಂಗಳೂರಿನಲ್ಲಿ ನಡೆಯುವ ಕಥೆ ಆಡಿಸುವವರು ಇದನ್ನು ಇದ್ದ ಹಾಗೇ ಎತ್ತಿಕೊಳ್ಳಬಹುದು. ಚುನಾವಣೆ ಘೋಷಣೆಯಾಗಿ, ಲೈಸೆನ್ಸ್ ಇದ್ದವರೂ ಬಂದೂಕನ್ನು ಠಾಣೆಗೆ ಒಪ್ಪಿಸಿ ಎಂದು ನೋಟಿಸ್ ಬರಲಿ. ಅದೇ ರಾತ್ರಿ ಗೋಡೌನ್‌ಗೆ ಕಳ್ಳರು ಬರಲಿ.

ಇದಕ್ಕೆ ಜಾಸ್ತಿ ನಿಯಮ ಬೇಕಾಗಿಲ್ಲ. ಪಾತ್ರದ ಹಾಳೆಯಲ್ಲಿ ಬಂದೂಕಿನ ಪಕ್ಕ ಎರಡು ಸಾಲು ಬರೆದರೆ ಆಯಿತು: ಲೈಸೆನ್ಸ್ ಯಾರ ಹೆಸರಲ್ಲಿದೆ, ಡ್ಯೂಟಿ ಮುಗಿದ ಮೇಲೆ ಬಂದೂಕು ಎಲ್ಲಿರುತ್ತದೆ. ಕಂಪನಿಯ ಹೆಸರು ಬರೆದವನು ಕೆಲಸ ಕಳೆದುಕೊಂಡ ದಿನ ಬಂದೂಕನ್ನು ಕಂಪನಿಗೆ ಒಪ್ಪಿಸಲೇಬೇಕು. ಒಪ್ಪಿಸದೆ ಮನೆಗೆ ಒಯ್ದರೆ ಮರುದಿನ ಬಾಗಿಲು ತಟ್ಟುವ ಪೊಲೀಸ್ ಪಾತ್ರವನ್ನು ಆಟ ನಡೆಸುವವರು ಮೊದಲೇ ತಯಾರಿಟ್ಟುಕೊಳ್ಳಲಿ.