ಗಿಡ ನೆಡುವ ಮೊದಲು ನೀರಿನ ಲೆಕ್ಕ: ಅಳಿವೆಯ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ಅಳಿವೆ ಪುನಶ್ಚೇತನ ಎಂದರೇನು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಬರೆಯುವುದು ‘ಕಾಂಡ್ಲ ಗಿಡ ನೆಡುವುದು’ ಎಂದು. ಕಾಂಡ್ಲ ಎಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್. ನಾನೂ ಹಾಗೇ ಬರೆದವನು. ಬರೆದದ್ದಷ್ಟೇ ಅಲ್ಲ, ಒಂದು ಶಿಬಿರದಲ್ಲಿ ಮೊಣಕಾಲು ಕೆಸರಲ್ಲಿ ನಿಂತು ನೆಟ್ಟೂ ಬಂದಿದ್ದೆ. ಮುಂದಿನ ವರ್ಷ ಹೋಗಿ ನೋಡಿದರೆ ಗುರುತಿಗೆ ಊರಿದ್ದ ಬಿದಿರಕೋಲು ಮಾತ್ರ ಉಳಿದಿತ್ತು. ಆ ಕೋಲಿನ ಪಕ್ಕದಲ್ಲೇ ಮರುವಾಯಿ (ತಿನ್ನುವ ಚಿಪ್ಪು) ಹೆಕ್ಕುತ್ತಿದ್ದ ಅಜ್ಜಿಯೊಬ್ಬರು ನಕ್ಕು, “ಇಲ್ ನೀರ್ ಇಳೂದೇ ಇಲ್ಲ ಮಗಾ, ನೀವ್ ನೆಟ್ಟದ್ ಮೀನಿಗಾ?” ಎಂದರು. ಈ ಅಧ್ಯಾಯದ ಸಾರ ಆ ಒಂದು ಪ್ರಶ್ನೆಯಲ್ಲಿದೆ. ಉಳಿದದ್ದು ಅದರ ವಿವರಣೆ.

ಮೊದಲು ಜಾಗ. ನದಿ ಸಮುದ್ರ ಸೇರುವ ಬಾಯಿಯೇ ಅಳಿವೆ. ನಮಗೆ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ: ಬೆಂಗ್ರೆಯ ಹತ್ತಿರ ನೇತ್ರಾವತಿ–ಫಲ್ಗುಣಿ, ಮೂಲ್ಕಿಯಲ್ಲಿ ಶಾಂಭವಿ–ನಂದಿನಿ, ಕೋಡಿಬೆಂಗ್ರೆಯಲ್ಲಿ ಸೀತಾ–ಸ್ವರ್ಣಾ, ಗಂಗೊಳ್ಳಿಯಲ್ಲಿ ಪಂಚಗಂಗಾವಳಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಜುಲೈಯಲ್ಲಿ ನದಿ ಕೆಂಪಾಗಿ ತುಂಬಿ ಹರಿಯುವಾಗ ಅಳಿವೆಯ ಮೇಲ್ನೀರು ಹೆಚ್ಚುಕಡಿಮೆ ಸಿಹಿ. ಏಪ್ರಿಲ್‌ನಲ್ಲಿ ಅದೇ ಜಾಗ ಸಮುದ್ರದಷ್ಟೇ ಉಪ್ಪು. ಈ ಎರಡನ್ನೂ ತಡೆದುಕೊಳ್ಳುವ ಜೀವಿಗಳೇ ಅಲ್ಲಿ ಬಾಳುತ್ತವೆ.

ಇನ್ನು ನೀರಿನ ಲೆಕ್ಕ, ಇದನ್ನು ನಿಧಾನ ಓದಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಎರಡು ಭರತವೂ ಒಂದೇ ಎತ್ತರ ಇರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ದೊಡ್ಡದು, ಅಷ್ಟಮಿಯ ಹೊತ್ತಿಗೆ ಸಣ್ಣದು. ಕಾಂಡ್ಲ ಬೆಳೆಯುವುದು ಇದರ ನಡುವಿನ ಒಂದು ಪಟ್ಟಿಯಲ್ಲಿ ಮಾತ್ರ: ಸರಾಸರಿ ಸಮುದ್ರ ಮಟ್ಟಕ್ಕಿಂತ ಮೇಲೆ, ದೊಡ್ಡ ಭರತದ ಗೆರೆಗಿಂತ ಕೆಳಗೆ. ಅಮೆರಿಕದ ಫ್ಲೋರಿಡಾದಲ್ಲಿ ಕಾಂಡ್ಲವನ ಪುನಶ್ಚೇತನದ ಕೆಲಸ ಮಾಡಿದ ರಾಬಿನ್ ಲೂಯಿಸ್ ಅವರ ಸೂತ್ರದ ಪ್ರಕಾರ ಒಟ್ಟು ಸಮಯದ ಸುಮಾರು 30 ಶೇಕಡಾ ಅಥವಾ ಅದಕ್ಕೂ ಕಡಿಮೆ ಹೊತ್ತು ಮಾತ್ರ ಆ ನೆಲ ಮುಳುಗಿರಬೇಕು, ಅಂದರೆ ದಿನಕ್ಕೆ ಸರಾಸರಿ ಏಳು ಗಂಟೆ. ಅದಕ್ಕಿಂತ ಹೆಚ್ಚು ಮುಳುಗಿದರೆ ಎಳೆ ಗಿಡಕ್ಕೆ ಉಸಿರಿಲ್ಲ. ಜೊತೆಗೆ ದೋಣಿಯ ಅಡಿಗೆ ಅಂಟುವಂಥ ಚಿಪ್ಪುಗಳು ಕಾಂಡಕ್ಕೂ ಅಂಟಿ, ಭಾರಕ್ಕೆ ಗಿಡ ಬಾಗುತ್ತದೆ.

ಫಿಲಿಪ್ಪೀನ್ಸ್‌ನಲ್ಲಿ ಆದದ್ದು ಇದೇ, ಬಹಳ ದೊಡ್ಡ ಪ್ರಮಾಣದಲ್ಲಿ. ಅಲ್ಲಿನ ವಿಜ್ಞಾನಿ ಜರ್ಗೆನ್ ಪ್ರಿಮವೆರಾ ಮತ್ತು ಸಂಗಡಿಗರೊಬ್ಬರು 2008ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಕಾಂಡ್ಲ ನೆಡಲು ಬಹಳ ಹಣ ಸುರಿದರೂ ದೀರ್ಘಕಾಲ ಬದುಕಿದ್ದು ಸಾಮಾನ್ಯವಾಗಿ 10ರಿಂದ 20 ಶೇಕಡಾ ಗಿಡ. ಕಾರಣ ಸರಳ. ರೈಜೋಫೊರಾ ಎಂಬ ಜಾತಿಯ ಕಾಂಡ್ಲದ ಬೀಜ ಮರದಲ್ಲಿರುವಾಗಲೇ ಮೊಳೆತು ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ತೂಗುತ್ತದೆ. ಹೆಕ್ಕುವುದೂ ಸುಲಭ, ಕೆಸರಿಗೆ ಚುಚ್ಚುವುದೂ ಸುಲಭ. ಹಾಗಾಗಿ ಎಲ್ಲ ಕಡೆ ಅದನ್ನೇ ಚುಚ್ಚಿದರು. ಆದರೆ ನೀರಿನ ಅಂಚಿಗೆ ಬರಬೇಕಾದದ್ದು ಬೇರೆ ಜಾತಿಯ ಕಾಂಡ್ಲಗಳು, ಅವಿಸೆನಿಯಾ ಮತ್ತು ಸೊನೆರೇಶಿಯಾ. (ಅವಿಸೆನಿಯಾ ಗುರುತಿಸಲು: ಕೆಸರಿನಿಂದ ಪೆನ್ಸಿಲ್ ಚುಚ್ಚಿಟ್ಟ ಹಾಗೆ ಮೇಲೆದ್ದ ಉಸಿರು ಬೇರು. ಎಲೆಗೆ ನಾಲಿಗೆ ತಾಗಿಸಿದರೆ ಉಪ್ಪು. ನಾನು ತಾಗಿಸಿ ನೋಡಿದ್ದೇನೆ.)

ಆದ್ದರಿಂದ ಲೂಯಿಸ್ ಅವರ ವಿಧಾನದಲ್ಲಿ ನೆಡುವುದು ಕೊನೆಯ ಹೆಜ್ಜೆ. ಇಲ್ಲಿ ಕಾಂಡ್ಲ ಯಾಕೆ ತಾನಾಗಿ ಬರುತ್ತಿಲ್ಲ ಎಂಬುದು ಮೊದಲ ಪ್ರಶ್ನೆ. ರಸ್ತೆಗೆ ಮಣ್ಣು ಹಾಕುವಾಗ ಮೋರಿ ಇಡದೆ ಭರತದ ನೀರು ಒಳಗೆ ಬರುವುದು ನಿಂತಿರಬಹುದು. ತೋಡು ಹೂಳು ತುಂಬಿರಬಹುದು. ಮೇಲಿನ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಮೇಲೆ ಬೇಸಿಗೆಯಲ್ಲಿ ಸಿಹಿನೀರು ಕೆಳಗೆ ಬರುವುದೇ ಕಡಿಮೆಯಾಗಿರಬಹುದು. ನೀರಿನ ದಾರಿ ಸರಿಮಾಡಿದರೆ ಎಷ್ಟೋ ಕಡೆ ತೇಲಿಬಂದ ಬೀಜವೇ ಬೇರು ಬಿಡುತ್ತದೆ.

ವಿಜ್ಞಾನಿಗಳೂ ಊರವರೂ ಜೊತೆಗೆ ಬೇಕು ಅನ್ನುವುದು ಇಲ್ಲಿಯೇ. ಮಟ್ಟ ಅಳೆಯುವ ಸಲಕರಣೆ, ಉಪ್ಪಿನಂಶದ ಮೀಟರು, ಭರತದ ಪಟ್ಟಿ ಒಬ್ಬರ ಕೈಯಲ್ಲಿ. ಹಳೆಯ ತೋಡು ಎಲ್ಲಿ ಹರಿಯುತ್ತಿತ್ತು, ಯಾವ ವರ್ಷದ ನೆರೆಗೆ ಮರಳದಿಣ್ಣೆ ಆಚೆ ಸರಿಯಿತು, ಅಷ್ಟಮಿಯ ದಿನ ಎಲ್ಲಿವರೆಗೆ ನಡೆಯಬಹುದು ಎಂಬುದು ಇನ್ನೊಬ್ಬರ ನೆನಪಿನಲ್ಲಿ. ಬಲೆ ಬಿಡುವವರು ದಿನ ಲೆಕ್ಕ ಹಾಕುವುದೇ ತಿಥಿಯಿಂದ, ಅವರಿಗೆ ನಮ್ಮ ಪಟ್ಟಿ ಹೊಸ ಸಂಗತಿಯಲ್ಲ.

ಆದರೆ ಊರವರನ್ನು ಗುಂಡಿ ತೋಡಲು ಕರೆದು ಅದಕ್ಕೆ ಸಹಭಾಗಿತ್ವ ಎಂದು ಹೆಸರಿಡುವುದು ಬೇರೆ. ಮೊದಲ ಸಭೆಯಲ್ಲೇ ‘ಇಲ್ಲಿ ಬೇಡ’ ಎನ್ನುವ ಹಕ್ಕು ಅವರಿಗಿರಬೇಕು. ಬರಿ ಕೆಸರುಬಯಲು ಕಂಡರೆ ನಮಗೆ ‘ಖಾಲಿ ಜಾಗ’ ಅನಿಸುತ್ತದೆ. ಅದು ಮರುವಾಯಿಯ ಹಾಸು, ಕೊಕ್ಕರೆಯ ಊಟದ ಮನೆ. ಅಲ್ಲಿ ಕಾಡು ಎಬ್ಬಿಸಿದರೆ ಒಂದು ಆವಾಸ ಕೊಟ್ಟು ಇನ್ನೊಂದನ್ನು ಕಿತ್ತುಕೊಂಡಂತೆ. ಜನರಿಗೆ ಕಾನೂನಿನ ಭಯವೂ ಇದೆ: ಮನೆ ಮುಂದೆ ಕಾಂಡ್ಲ ಬೆಳೆದರೆ ನಾಳೆ ಗೋಡೆ ಕಟ್ಟಲೂ ಬಿಡುವುದಿಲ್ಲ ಎಂದು. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ 1,000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲವನಕ್ಕೆ 50 ಮೀಟರ್ ಕಾಪುವಲಯ (ಬಫರ್) ಹೇಳುತ್ತದೆ, ಖಾಸಗಿ ಜಮೀನಿನಲ್ಲಿರುವ ಕಾಂಡ್ಲಕ್ಕೆ ಅದು ಬೇಡ ಎಂದೂ ಹೇಳುತ್ತದೆ. ಎರಡನೆಯ ಭಾಗವನ್ನು ಸಭೆಯಲ್ಲಿ ಯಾರೂ ಓದಿ ಹೇಳದಿದ್ದರೆ ಸಸಿ ರಾತ್ರೋರಾತ್ರಿ ಮಾಯವಾದೀತು.

ಚಿಪ್ಪಿನ ವಿಷಯದಲ್ಲಿ ಕೇರಳದ ಅಷ್ಟಮುಡಿ ಹಿನ್ನೀರನ್ನು ನೆನಪಿಡಿ. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಮರಿಯಾಗುವ ಕಾಲ, ಚಿಪ್ಪು ತೆಗೆಯುವುದಿಲ್ಲ ಎಂಬ ನಿಯಮಕ್ಕೆ ಅಲ್ಲಿ ಮೀನುಗಾರರೂ ವಿಜ್ಞಾನಿಗಳೂ ಒಟ್ಟಿಗೆ ನಿಂತರು. 2014ರಲ್ಲಿ ಆ ಮೀನುಗಾರಿಕೆಗೆ ಭಾರತದಲ್ಲೇ ಮೊದಲ ಎಂಎಸ್‌ಸಿ (ಮರೈನ್ ಸ್ಟೂವರ್ಡ್‌ಶಿಪ್ ಕೌನ್ಸಿಲ್, ಸುಸ್ಥಿರ ಮೀನುಗಾರಿಕೆಗೆ ಪ್ರಮಾಣಪತ್ರ ಕೊಡುವ ಸಂಸ್ಥೆ) ಮಾನ್ಯತೆ ಸಿಕ್ಕಿತು. ಅಲ್ಲಿ ಗಿಡದ ಮಾತೇ ಇಲ್ಲ, ಆದರೂ ಇದೇ ಅಧ್ಯಾಯಕ್ಕೆ ಸೇರುತ್ತದೆ.

ಲೆಕ್ಕ ಇಡುವ ಬಗ್ಗೆ ಒಂದೇ ಮಾತು: ನೆಟ್ಟದ್ದೆಷ್ಟು ಎಂದು ಬರೆಯಬೇಡಿ, ಮೂರನೇ ಮಳೆಗಾಲ ಕಳೆದ ಮೇಲೆ ಉಳಿದದ್ದೆಷ್ಟು ಎಂದು ಬರೆಯಿರಿ.

ಮುಂದಿನ ಅಮಾವಾಸ್ಯೆಗೆ ಕೋಡಿಬೆಂಗ್ರೆಗೆ ಹೋಗುವವರು ಹತ್ತತ್ತು ಸೆಂಟಿಮೀಟರಿಗೆ ಗೆರೆ ಎಳೆದ ಕೋಲು ತನ್ನಿ. ಗಂಟೆಗೊಮ್ಮೆ ನೀರಿನ ಮಟ್ಟ ಬರೆಯುವುದು, ಅಷ್ಟೇ ಕೆಲಸ. ಕೋಲು ಎಲ್ಲಿ ಊರಬೇಕೆಂದು ಅಜ್ಜಿಯನ್ನು ಕೇಳೋಣ.